ಕೋವಿ ಮಾಡುವವನ ಕೂಲಿ ಎಷ್ಟು?



ಈ ಸಲದ ಇತಿಹಾಸದ ಬರಹಕ್ಕೆ ಕಾರಣ ನಮ್ಮದೇ ಒಂದು ತಪ್ಪು. ಹಬ್ಬಕ್ಕೆ ಮೊದಲು ದೇವಾಲಯದಲ್ಲಿ ವಾಚನ ಓದಲು ಹೊಸ ಮರದ ಸ್ಟ್ಯಾಂಡ್ ಮಾಡಿಸುವ ಜವಾಬ್ದಾರಿ ಯುವಜನರಿಗೆ ಬಂತು. ಮರದ ಕೆಲಸ ಮಾಡುವ ನಮ್ಮ ಅಂಕಲ್ ಒಬ್ಬರು 14,000 ರೂಪಾಯಿ ಹೇಳಿದರು. "ಅಂಕಲ್, ಇದು ದೇವರ ಕೆಲಸ ಅಲ್ವಾ, ಸ್ವಲ್ಪ ನೋಡಿ ಮಾಡಿ" ಎಂದು ನಾವು ನಾಲ್ಕು ಜನ ಸೇರಿ ಎಳೆದಾಡಿ 9,000ಕ್ಕೆ ಇಳಿಸಿದೆವು. ಚೆನ್ನಾಗಿ ಚೌಕಾಸಿ ಮಾಡಿದೆವು ಎಂದು ನಮಗೆ ನಾವೇ ಬೆನ್ನು ತಟ್ಟಿಕೊಂಡೆವು. ಆಮೇಲೆ ಲೆಕ್ಕ ಬರೆಯುವಾಗ ಬಿಲ್‌ಗಳನ್ನು ನೋಡಿದೆ. ಮರಕ್ಕೆ 5,200, ಪಾಲಿಶ್, ಮೊಳೆ, ಅಂಟಿಗೆ 900. ಉಳಿದದ್ದು 2,900. ಅವರು ಕೆಲಸ ಮಾಡಿದ್ದು ಆರು ದಿನ. ಅಂದರೆ ದಿನಕ್ಕೆ 500 ರೂಪಾಯಿ ಕೂಡ ಸಿಗಲಿಲ್ಲ. ನಮ್ಮ ಕಡೆ ಮರದ ಕೆಲಸದವರ ದಿನಗೂಲಿ ಸಾವಿರ ದಾಟಿ ಎಷ್ಟೋ ಕಾಲವಾಯಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೈಯಿಂದ ಮಾಡಿದ ವಸ್ತುವಿಗೆ ನ್ಯಾಯವಾದ ಬೆಲೆ ಎಂದರೇನು? ಅದನ್ನು ಯಾರು ನಿರ್ಧರಿಸಬೇಕು? ಇದನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅಮೆರಿಕದ ಬೆತ್ಲೆಹೇಮ್ ಎಂಬ ಊರಿನ ಕೋವಿ ಕಮ್ಮಾರರ ಕಥೆ. ದೇವಾಲಯದ ಬ್ಲಾಗಿನಲ್ಲಿ ಕೋವಿಯ ಕಥೆಯೇ ಎಂದು ಹುಬ್ಬೇರಿಸಬೇಡಿ. ಪೂರ್ತಿ ಓದಿ.

ಬೈಬಲಿನಲ್ಲಿ ಕಮ್ಮಾರನ ರೇಟು

ಮೊದಲು ಪವಿತ್ರ ಬೈಬಲಿಗೆ ಹೋಗೋಣ. ಸಮುವೇಲನ ಮೊದಲ ಗ್ರಂಥದ 13ನೇ ಅಧ್ಯಾಯದ ಕೊನೆಯಲ್ಲಿ ನಾವು ಓದಿ ಮರೆತುಬಿಡುವ ಒಂದು ವಿವರ ಇದೆ. ಇಸ್ರಯೇಲರ ನಾಡಿನಲ್ಲಿ ಆಗ ಒಬ್ಬ ಕಮ್ಮಾರನೂ ಇರಲಿಲ್ಲ. ಅವರು ಕತ್ತಿ, ಈಟಿ ಮಾಡಿಕೊಂಡಾರು ಎಂದು ಫಿಲಿಷ್ಟಿಯರು ಕಮ್ಮಾರಿಕೆಯನ್ನೇ ತಮ್ಮ ಕೈಯಲ್ಲಿ ಇಟ್ಟುಕೊಂಡಿದ್ದರು. ನೇಗಿಲಿನ ಗುಳ, ಕೊಡಲಿ ಹರಿತ ಮಾಡಿಸಲಿಕ್ಕೂ ಇಸ್ರಯೇಲರು ಶತ್ರುವಿನ ಕುಲುಮೆಗೇ ಹೋಗಬೇಕಿತ್ತು. ಅದಕ್ಕೆ ಕೊಡಬೇಕಾದ ದರವನ್ನು ಅಲ್ಲಿ 'ಪಿಮ್' ಎಂಬ ಪದದಿಂದ ಹೇಳಲಾಗಿದೆ.

ಈ ಪದದ ಅರ್ಥ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಹಳೆಯ ಇಂಗ್ಲಿಷ್ ಅನುವಾದದಲ್ಲಿ ಅದನ್ನು 'ಅರ' ಎಂದು ಊಹಿಸಿ ಬರೆದಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಪವಿತ್ರ ನಾಡಿನ ಉತ್ಖನನಗಳಲ್ಲಿ ಆ ಪದವನ್ನೇ ಕೆತ್ತಿದ ಪುಟ್ಟ ತೂಕದ ಕಲ್ಲುಗಳು ಸಿಕ್ಕಿದವು. ಒಂದೊಂದೂ ಸುಮಾರು 7.8 ಗ್ರಾಂ, ಅಂದರೆ ಒಂದು ಶೆಕೆಲ್‌ನ ಮೂರನೇ ಎರಡು ಭಾಗದಷ್ಟು ಬೆಳ್ಳಿಯ ತೂಕ. ಹಾಗಾಗಿ 'ಪಿಮ್' ಎಂದರೆ ಕಮ್ಮಾರನ ರೇಟು! ನಮ್ಮ ಗ್ರಂಥವೇ ಒಬ್ಬ ಕುಶಲಕರ್ಮಿಯ ಕೂಲಿಯನ್ನು ದಾಖಲಿಸಿಟ್ಟಿದೆ. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಿದೆ: ಕೊಳ್ಳುವವನಿಗೆ ಬೇರೆ ದಾರಿಯೇ ಇಲ್ಲದಿದ್ದಾಗ ಬೆಲೆ ನ್ಯಾಯವಾಗಿ ಉಳಿಯುವುದು ಕಷ್ಟ.

ನಕ್ಷತ್ರ ಮಾಡಿದ ಜನ, ಕೋವಿ ಮಾಡಿದ ಜನ

ಈಗ ಅಮೆರಿಕಕ್ಕೆ. ಮೊರೇವಿಯನ್ನರು ಎಂಬ ಕ್ರೈಸ್ತ ಪಂಗಡ ನಮ್ಮ ಕಥೋಲಿಕ ಸಭೆಗೆ ಸೇರಿದ್ದಲ್ಲ, ಯಾನ್ ಹುಸ್ಸನ ಪರಂಪರೆಯದು. 1722ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಕೌಂಟ್ ಜಿನ್ಸೆನ್‌ಡಾರ್ಫ್ ಎಂಬ ಶ್ರೀಮಂತನ ಜಮೀನಿನಲ್ಲಿ ಹೆರ್ನ್‌ಹೂಟ್ ಎಂಬ ಊರು ಕಟ್ಟಿಕೊಂಡು ಅವರು ಹೊಸದಾಗಿ ಬೆಳೆದರು. ಕ್ರಿಸ್ಮಸ್‌ಗೆ ತೂಗುಹಾಕುವ, ಎಲ್ಲ ಕಡೆಗೂ ಮೂಲೆಗಳಿರುವ ಮೊರೇವಿಯನ್ ನಕ್ಷತ್ರ ಇವರದೇ. 1830ರ ದಶಕದಲ್ಲಿ ಇವರ ಶಾಲೆಯೊಂದರಲ್ಲಿ ರೇಖಾಗಣಿತದ ಪಾಠವಾಗಿ ಅದು ಹುಟ್ಟಿತು.

1741ರಲ್ಲಿ ಇವರು ಪೆನ್ಸಿಲ್ವೇನಿಯಾದಲ್ಲಿ ಒಂದು ಊರು ಕಟ್ಟಲು ಶುರುಮಾಡಿದರು. ಆ ವರ್ಷದ ಕ್ರಿಸ್ಮಸ್ ಹಿಂದಿನ ರಾತ್ರಿ ಅದಕ್ಕೆ ಬೆತ್ಲೆಹೇಮ್ ಎಂದು ಹೆಸರಿಟ್ಟರು. ಅಲ್ಲಿ ಮೊದಲ ಇಪ್ಪತ್ತು ವರ್ಷ ಯಾರಿಗೂ ಸಂಬಳ ಇರಲಿಲ್ಲ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ನಾವು ಓದುವ ಮೊದಲ ಕ್ರೈಸ್ತರ ಹಾಗೆ ಎಲ್ಲರ ದುಡಿಮೆ ಎಲ್ಲರಿಗೂ. ಊಟ, ಬಟ್ಟೆ, ಮನೆ ಸಮುದಾಯದಿಂದ. ಕಮ್ಮಾರ, ಚಮ್ಮಾರ, ಕುಂಬಾರ ಮಾಡಿದ್ದೆಲ್ಲ ಸಮುದಾಯಕ್ಕೆ. ಹೊರಗಿನವರಿಗೆ ಮಾರಿ ಬಂದ ಹಣದಿಂದ ಮಿಷನ್ ಕೆಲಸ ನಡೆಯುತ್ತಿತ್ತು. 1762ರಲ್ಲಿ ಈ ಪದ್ಧತಿಯನ್ನು ಕೈಬಿಟ್ಟರು.

1747ರಲ್ಲಿ ಸಸ್ಕ್ವೆಹಾನಾ ನದಿಯ ದಡದ ಶಮೋಕಿನ್ ಎಂಬಲ್ಲಿ, ಅಲ್ಲಿನ ಮೂಲನಿವಾಸಿಗಳ ನಾಯಕ ಶಿಕೆಲ್ಲಮಿಯ ಬೇಡಿಕೆಯಂತೆ, ಮೊರೇವಿಯನ್ನರು ಒಂದು ಕುಲುಮೆ ತೆರೆದರು. ಕಮ್ಮಾರನ ಹೆಸರು ಆಂಟನ್ ಸ್ಮಿಟ್. ಕಾಡಿನ ಜನ ಆಗಲೇ ಬಿಲ್ಲುಬಾಣ ಬಿಟ್ಟು ಕೋವಿಯಿಂದ ಜಿಂಕೆ ಬೇಟೆಯಾಡುತ್ತಿದ್ದರು. ಆದರೆ ಒಂದು ಸ್ಪ್ರಿಂಗ್ ಮುರಿದರೆ ರಿಪೇರಿಗೆ ಬಿಳಿಯರ ಊರಿಗೆ ದಿನಗಟ್ಟಲೆ ನಡೆಯಬೇಕು. ಸಮುವೇಲನ ಗ್ರಂಥದ ಇಸ್ರಯೇಲರ ಪಾಡೇ! ಕುಲುಮೆಯಲ್ಲಿ ಕೂಲಿ ಕೊಡುತ್ತಿದ್ದುದು ನಾಣ್ಯದಲ್ಲಿ ಅಲ್ಲ, ಜಿಂಕೆಯ ಚರ್ಮದಲ್ಲಿ. ಆ ಗಡಿನಾಡಿನಲ್ಲಿ ಗಂಡು ಜಿಂಕೆಯ ಚರ್ಮವೇ ಹಣ. ಅಮೆರಿಕದವರು ಇಂದಿಗೂ ಡಾಲರಿಗೆ ಮಾತಿನಲ್ಲಿ 'ಬಕ್' ಎನ್ನುವುದಕ್ಕೆ ಮೂಲ ಇದೇ ಎನ್ನುತ್ತಾರೆ. ಶಿಕೆಲ್ಲಮಿ 1748ರ ಕೊನೆಯಲ್ಲಿ ತೀರಿಕೊಂಡ. ಕುಲುಮೆ ಮಾತ್ರ 1755ರ ತನಕ ನಡೆಯಿತು.

ಕಿಟಕಿಯಲ್ಲಿ ಕಲ್ಲುಗಳು

ಮೊರೇವಿಯನ್ನರು ಯುದ್ಧಕ್ಕೆ ಹೋಗುವವರಲ್ಲ. 1749ರಲ್ಲಿ ಬ್ರಿಟಿಷ್ ಸಂಸತ್ತು ಒಂದು ಕಾಯ್ದೆ ಮಾಡಿ ಇವರಿಗೆ ಸೈನ್ಯ ಸೇವೆಯಿಂದ ವಿನಾಯಿತಿ ಕೊಟ್ಟಿತ್ತು. ಹಾಗಿದ್ದೂ 1755ರ ನವೆಂಬರಿನಲ್ಲಿ, ಫ್ರೆಂಚರ ಮತ್ತು ಇಂಗ್ಲಿಷರ ಯುದ್ಧದ ಹೊತ್ತಿನಲ್ಲಿ, ಇವರ ಗ್ನಾಡೆನ್‌ಹೂಟನ್ ಮಿಷನ್ ಮೇಲೆ ದಾಳಿಯಾಗಿ 11 ಜನ ಸತ್ತರು.

ಅದಾದ ಕೆಲವೇ ವಾರಗಳಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಬೆತ್ಲೆಹೇಮಿಗೆ ಬಂದ. ಶಾಂತಿಪ್ರಿಯರ ಊರು ಎಂದುಕೊಂಡಿದ್ದವನಿಗೆ ಅಚ್ಚರಿ. ಸುತ್ತ ಮರದ ಬೇಲಿ ಎದ್ದಿದೆ, ನ್ಯೂಯಾರ್ಕಿನಿಂದ ಕೋವಿ, ಮದ್ದು ತರಿಸಿದ್ದಾರೆ, ಎತ್ತರದ ಮನೆಗಳ ಕಿಟಕಿಗಳ ಬಳಿ ಹೆಂಗಸರು ಎಸೆಯಲಿಕ್ಕೆ ಕಲ್ಲುಗಳ ರಾಶಿ ಇದೆ! ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಇದನ್ನು ಸ್ವಲ್ಪ ನಗುತ್ತಲೇ ಬರೆದಿದ್ದಾನೆ. ಬಿಷಪ್ ಸ್ಪಾಂಗೆನ್‌ಬರ್ಗ್ ಕೊಟ್ಟ ವಿವರಣೆ ಏನೆಂದರೆ, ಯುದ್ಧ ಮಾಡಬಾರದು ಎಂಬುದು ತಮ್ಮ ಸಭೆಯ ಸ್ಥಾಪಿತ ನಿಯಮವೇನಲ್ಲ. ಕಾಯ್ದೆ ಬಂದಾಗ ಹೆಚ್ಚಿನವರು ಹಾಗೆ ನಂಬಿದ್ದಾರೆ ಎಂದುಕೊಂಡಿದ್ದರು, ಅಷ್ಟೆ.

ನನಗೆ ಅದು ನಗುವ ವಿಷಯ ಅನ್ನಿಸಲಿಲ್ಲ. ಹಂದಿ, ಆನೆ ಬಂದು ಕೃಷಿಯೆಲ್ಲ ಹಾಳಾದಾಗ ನಮ್ಮ ಗಡಿನಾಡಿನ ರೈತರು ಕೋವಿಯ ಬಗ್ಗೆ ಮಾತಾಡುವುದನ್ನು ನಾವೂ ಕೇಳಿದ್ದೇವಲ್ಲ. ನಮ್ಮ ಹಿರಿಯರ ಬಾಯಲ್ಲಿ 'ಕೇಪಿನ ಕೋವಿ' ಎಂಬ ಮಾತು ಇನ್ನೂ ಇದೆ. ನಳಿಗೆಯ ಬಾಯಿಂದಲೇ ಮದ್ದು, ಗುಂಡು ತುಂಬಿ ಕಡ್ಡಿಯಿಂದ ಜಡಿಯುವ ಕೋವಿ ಅದು. ಪಕ್ಕದ ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು 1861ರಿಂದ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆಯೂ ಉಂಟು. ಉಳಿದ ನಮಗೆಲ್ಲ 1959ರ ಆಯುಧ ಕಾಯ್ದೆ ಅನ್ವಯ. ಲೈಸೆನ್ಸ್ ಇಲ್ಲದೆ ಕೋವಿ ಮಾಡುವುದು, ಮಾರುವುದು, ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ, ಅದು ಎಷ್ಟೇ ಹಳೇ ಮಾದರಿಯದ್ದಾದರೂ ಸರಿ. ಚುನಾವಣೆ ಬಂದರೆ ಲೈಸೆನ್ಸ್ ಇರುವ ಅಜ್ಜಂದಿರೂ ಕೋವಿ ಹೊತ್ತು ಪೊಲೀಸ್ ಠಾಣೆಗೆ ಹೋಗುವುದನ್ನು ನೀವೂ ನೋಡಿರುತ್ತೀರಿ.

ಹತ್ತೊಂಬತ್ತು ವರ್ಷದ ಮೇಸ್ತ್ರಿ

ಬೆತ್ಲೆಹೇಮಿನ ಹತ್ತಿರ, ನಜರೇತ್ ಎಂಬ ಊರಿನ ಪಕ್ಕದಲ್ಲಿ, 'ಕ್ರಿಶ್ಚಿಯನ್ಸ್ ಸ್ಪ್ರಿಂಗ್' ಎಂಬ ಪುಟ್ಟ ವಸತಿ ಇತ್ತು. ಮದುವೆಯಾಗದ ತರುಣರೇ ಸೇರಿ ಬದುಕುವ, ದುಡಿಯುವ, ಪ್ರಾರ್ಥಿಸುವ ಜಾಗ. ಒಂದು ರೀತಿ ಯುವಕರದ್ದೇ ಊರು! ಅಲ್ಲಿ ಆಂಡ್ರಿಯಾಸ್ ಆಲ್ಬ್ರೆಕ್ಟ್ ಎಂಬವನು ಕೋವಿ ಕೆಲಸದ ಗುರು. ಜರ್ಮನಿಯಲ್ಲಿ ಕೋವಿಗೆ ಹೆಸರಾದ ಸೂಲ್ ಪಟ್ಟಣದ ಬಳಿ 1718ರಲ್ಲಿ ಹುಟ್ಟಿ, 1750ರಲ್ಲಿ ಅಮೆರಿಕಕ್ಕೆ ಬಂದವನು. 1766ರಲ್ಲಿ ಅವನನ್ನು ಬೆತ್ಲೆಹೇಮಿನ ಛತ್ರ ನೋಡಿಕೊಳ್ಳಲು ಕಳಿಸಿದಾಗ ಕಾರ್ಯಾಗಾರ ಅವನ ಶಿಷ್ಯ ಕ್ರಿಶ್ಚಿಯನ್ ಓರ್ಟರ್‌ನ ಕೈಗೆ ಬಂತು. ಓರ್ಟರ್ ಹುಟ್ಟಿದ್ದು 1747ರಲ್ಲಿ. ಲೆಕ್ಕ ಹಾಕಿ ನೋಡಿ, ಆಗ ಅವನಿಗೆ ಹತ್ತೊಂಬತ್ತು!

ಒಂದು ಕೋವಿ ಮಾಡುವುದೆಂದರೆ ಏನು? ಉದ್ದನೆಯ ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ, ಒಂದು ಸರಳಿನ ಸುತ್ತ ಸುತ್ತಿ, ಅಂಗುಲ ಅಂಗುಲವಾಗಿ ಬಡಿದು ಬೆಸೆದು ನಳಿಗೆ ಮಾಡಬೇಕು. ಅದರ ಒಳಗನ್ನು ಕೊರೆದು ನಯ ಮಾಡಬೇಕು. ಆಮೇಲೆ ಒಳಗೋಡೆಯಲ್ಲಿ ತಿರುಪಿನಂತೆ ಸುತ್ತುವ ಗೆರೆಗಳನ್ನು ಕೊರೆಯಬೇಕು. ಕೊರೆಯುವ ಉಪಕರಣ ಒಂದೊಂದು ಸಲಕ್ಕೆ ಕೂದಲೆಳೆಯಷ್ಟೇ ಕಬ್ಬಿಣ ತೆಗೆಯುತ್ತದೆ. ಎಳೆದು ತಳ್ಳಿ, ಎಳೆದು ತಳ್ಳಿ ದಿನಗಟ್ಟಲೆ ಕೆಲಸ. ಆ ಗೆರೆಗಳಿಂದಾಗಿ ಗುಂಡು ಬುಗುರಿಯಂತೆ ತಿರುಗುತ್ತಾ ಹೋಗುತ್ತದೆ. ತಿರುಗುವ ಬುಗುರಿ ಬೀಳದಂತೆ ಅದೂ ದಾರಿ ತಪ್ಪುವುದಿಲ್ಲ. 'ರೈಫಲ್' ಎಂಬ ಹೆಸರು ಬಂದದ್ದೇ ಈ ಗೆರೆಗಳಿಂದ. ಇದಾದ ಮೇಲೆ ಮೇಪಲ್ ಮರದ ಹಿಡಿ, ಹಿತ್ತಾಳೆಯ ತುಂಡುಗಳು, ಚಕಮಕಿ ಕಲ್ಲಿನ ಕೀಲು, ಕೆತ್ತನೆ. ಎಲ್ಲ ಸೇರಿ ನೂರಾರು ಗಂಟೆಗಳ ದುಡಿಮೆ.

1969ರಲ್ಲಿ ಅಮೆರಿಕದ ವಿಲಿಯಮ್ಸ್‌ಬರ್ಗಿನಲ್ಲಿ ವಾಲೆಸ್ ಗಸ್ಲರ್ ಎಂಬ ಕುಶಲಕರ್ಮಿ ಹಳೆಯ ಉಪಕರಣಗಳಿಂದಲೇ ಒಂದು ಇಡೀ ಕೋವಿ ಮಾಡುವುದನ್ನು ಸಾಕ್ಷ್ಯಚಿತ್ರವಾಗಿ ಚಿತ್ರೀಕರಿಸಿದರು. ಅಂಥ ಕೆಲಸವನ್ನು ಕಂಡವರು ಬೆಲೆ ಕೇಳಿ ಮುಖ ಸಿಂಡರಿಸಲಾರರು.

ಹಾಗಾದರೆ ಆ ಕಾಲದವರು ಬೆಲೆ ಕಟ್ಟುತ್ತಿದ್ದುದು ಹೇಗೆ? ಎಲ್ಲವನ್ನೂ ಒಬ್ಬನೇ ಮಾಡಿದರೆ ಬದುಕು ಸಾಗದು. ಆದ್ದರಿಂದ ಹಲವರು ನೀರಿನ ಚಕ್ರದಿಂದ ಓಡುವ ಗಿರಣಿಗಳಿಂದ ನಳಿಗೆ ಕೊಳ್ಳುತ್ತಿದ್ದರು, ಇಂಗ್ಲೆಂಡ್, ಜರ್ಮನಿಯಿಂದ ಬಂದ ಕೀಲುಗಳನ್ನು ಅಂಗಡಿಯಿಂದ ತರುತ್ತಿದ್ದರು. ಸಾದಾ ಕೋವಿಗೆ ಒಂದು ಬೆಲೆ. ಹಿತ್ತಾಳೆಯ ಮುಚ್ಚಳದ ಪೆಟ್ಟಿಗೆ, ಮರದ ಕೆತ್ತನೆ, ಬೆಳ್ಳಿಯ ಹೂವು ಬೇಕೆಂದರೆ ಒಂದೊಂದಕ್ಕೂ ಮೇಲುಬೆಲೆ. ನಗದು ಇಲ್ಲದವರು ಗೋಧಿ, ಚರ್ಮ, ಇಲ್ಲವೇ ಕೆಲವು ದಿನದ ಕೂಲಿ ಕೊಟ್ಟು ಸಾಲ ತೀರಿಸುತ್ತಿದ್ದರು. ಹೊಸ ಕೋವಿಗಿಂತ ಹಳೇ ಕೋವಿಯ ರಿಪೇರಿಯೇ ಎಷ್ಟೋ ಕಮ್ಮಾರರ ದಿನದ ಗಂಜಿ. ಮೊರೇವಿಯನ್ ಊರುಗಳಲ್ಲಿ ಇನ್ನೂ ಒಂದು ವಿಶೇಷ. ಯಾರು ಯಾವ ಕಸುಬು ಮಾಡಬೇಕು, ಮಾಲು ಹೇಗಿರಬೇಕು, ಬೆಲೆ ಎಷ್ಟಿರಬೇಕು ಎಂದು ಹಿರಿಯರ ಮಂಡಳಿಯೇ ನೋಡಿಕೊಳ್ಳುತ್ತಿತ್ತು. ಒಬ್ಬ ಇನ್ನೊಬ್ಬನ ಹೊಟ್ಟೆಯ ಮೇಲೆ ಹೊಡೆಯಬಾರದು, ಊರಿನ ಹೆಸರು ಕೆಡಬಾರದು ಎಂಬುದು ಉದ್ದೇಶ. ಇದರಲ್ಲಿ ಕಟ್ಟುಪಾಡೂ ಇತ್ತು, ರಕ್ಷಣೆಯೂ ಇತ್ತು.

ಸರ್ಕಾರ ಬೆಲೆ ಕಟ್ಟಿದಾಗ

1775ರಲ್ಲಿ ಸ್ವಾತಂತ್ರ್ಯ ಯುದ್ಧ ಶುರುವಾಯಿತು. ಸೈನ್ಯಕ್ಕೆ ಬಂದೂಕು ಬೇಕು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಜಿಲ್ಲೆಯ ಕಮ್ಮಾರರಿಗೆ ತಮ್ಮ ಸ್ವಂತ ಗಿರಾಕಿಗಳ ರೈಫಲ್ ಮಾಡುವುದರಲ್ಲೇ ಲಾಭ. ಸ್ಥಳೀಯ ಸಮಿತಿ ಕಡ್ಡಾಯ ಮಾಡಿತು: ನಿಗದಿ ಮಾಡಿದ ದರಕ್ಕೆ ಸೈನ್ಯದ ಬಂದೂಕು ಮಾಡಿಕೊಡಿ, ಇಲ್ಲವಾದರೆ ದೇಶದ್ರೋಹಿ ಎಂದು ನಿಮ್ಮ ಹೆಸರು ಬರೆಯುತ್ತೇವೆ, ಉಪಕರಣಗಳನ್ನು ಕಿತ್ತುಕೊಳ್ಳುತ್ತೇವೆ. ಅತ್ತ ಯುದ್ಧಕಾಲದ ಕಾಗದದ ಹಣ ವರ್ಷದಿಂದ ವರ್ಷಕ್ಕೆ ಬೆಲೆ ಕಳೆದುಕೊಳ್ಳುತ್ತಿತ್ತು. ಕಬ್ಬಿಣದ ದರ ಏರುತ್ತದೆ, ಕೂಲಿ ಏರುತ್ತದೆ, ಒಪ್ಪಂದದ ಬೆಲೆ ಮಾತ್ರ ನಿಂತಲ್ಲೇ ನಿಲ್ಲುತ್ತದೆ. "ದೇಶದ ಕೆಲಸ, ಸ್ವಲ್ಪ ನೋಡಿ ಮಾಡಿ." ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲವೇ?

ಯುದ್ಧ ಮುಗಿದ ಮೇಲೆ, 1792ರಲ್ಲಿ, ಹೊಸ ಸರ್ಕಾರ ಅದೇ ಪೆನ್ಸಿಲ್ವೇನಿಯಾದ ಕಮ್ಮಾರರಿಂದ ಸುಮಾರು 12 ಡಾಲರಿಗೆ ಒಂದರಂತೆ ಸಾದಾ ರೈಫಲ್‌ಗಳನ್ನು ಕೊಂಡಿತು. ಅವು ಹೋದದ್ದು ಓಹಾಯೋ ಕಡೆಯ ಮೂಲನಿವಾಸಿಗಳ ಮೇಲಿನ ಯುದ್ಧಕ್ಕೆ.

ಎರಡನೇ ವಿಲಿಯಂ ಹೆನ್ರಿಯ ಕುಟುಂಬ ಮುಂದೆ ನಜರೇತಿನ ಹತ್ತಿರ ಬೌಲ್ಟನ್ ಎಂಬಲ್ಲಿ ದೊಡ್ಡ ಕಾರ್ಖಾನೆ ಕಟ್ಟಿತು. ಪಶ್ಚಿಮದ ತುಪ್ಪಳ ವ್ಯಾಪಾರದ ಕಂಪನಿಗೆ ನೂರುಗಟ್ಟಲೆ ಕೋವಿ ಅಲ್ಲಿಂದ ಹೋಗುತ್ತಿತ್ತು. ಅದೇ ಕಾಲದಲ್ಲಿ ಸೇಂಟ್ ಲೂಯಿಸ್ ಪಟ್ಟಣದಲ್ಲಿ ಜೇಕಬ್ ಮತ್ತು ಸ್ಯಾಮ್ಯುಯೆಲ್ ಹಾಕನ್ ಎಂಬ ಅಣ್ಣತಮ್ಮಂದಿರು ಸಣ್ಣ ಅಂಗಡಿಯಲ್ಲಿ ಒಂದೊಂದಾಗಿ ಕೋವಿ ಮಾಡುತ್ತಿದ್ದರು. ಅವರ ಬೆಲೆ ಹೆನ್ರಿ ಕೋವಿಯ ಸುಮಾರು ದುಪ್ಪಟ್ಟು. ಆದರೂ ಬೆಟ್ಟಗಾಡಿನ ಬೇಟೆಗಾರರು ಅದನ್ನೇ ಬಯಸುತ್ತಿದ್ದರು. ಅಂಗಡಿಯೇ ಇಲ್ಲದ ಬೆಟ್ಟದಲ್ಲಿ ಕೋವಿ ಕೆಟ್ಟರೆ ಪ್ರಾಣವೇ ಹೋದೀತು. ಅವರು ಹಣ ಕೊಟ್ಟದ್ದು ಕಬ್ಬಿಣಕ್ಕಿಂತ ಹೆಚ್ಚಾಗಿ ನಂಬಿಕೆಗೆ.

ಬೆಲೆಯಲ್ಲಿ ಸೇರದ ಲೆಕ್ಕ

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಂದರ. ಆದರೆ ಅದು ಪೂರ್ತಿ ಸತ್ಯವಲ್ಲ.

1782ರ ಮಾರ್ಚ್ 8. ಓಹಾಯೋದ ಇನ್ನೊಂದು ಗ್ನಾಡೆನ್‌ಹೂಟನ್. ಅಲ್ಲಿದ್ದವರು ಮೊರೇವಿಯನ್ನರಿಂದ ದೀಕ್ಷಾಸ್ನಾನ ಪಡೆದ ಮೂಲನಿವಾಸಿ ಕ್ರೈಸ್ತರು. ಯುದ್ಧದಲ್ಲಿ ಯಾರ ಪಕ್ಷವನ್ನೂ ಸೇರದ ಶಾಂತಿಪ್ರಿಯರು. ಪೆನ್ಸಿಲ್ವೇನಿಯಾದ ಸೇನಾ ತಂಡವೊಂದು ಬಂದು ಅವರನ್ನು ಹಿಡಿಯಿತು. ಸಾಯಿಸಬೇಕೇ ಎಂದು ತಮ್ಮೊಳಗೆ ಮತ ಹಾಕಿ ನಿರ್ಧರಿಸಿತು. ರಾತ್ರಿಯಿಡೀ ಅವರು ಪ್ರಾರ್ಥಿಸುತ್ತಾ, ಕೀರ್ತನೆ ಹಾಡುತ್ತಾ ಕಳೆದರು. ಬೆಳಿಗ್ಗೆ 96 ಜನರನ್ನು ಕೊಂದರು. ಅದರಲ್ಲಿ 39 ಮಕ್ಕಳು.

ಕೊಂದವರು ಕೂಡ ಅದೇ ಯೇಸುವಿನ ಹೆಸರು ಹೇಳುವವರೇ. ಬಹುಪಾಲು ಕೊಲೆ ನಡೆದದ್ದು ಕೋವಿಯಿಂದ ಅಲ್ಲ, ಮರದ ಸುತ್ತಿಗೆಯಿಂದ. ಪೀಪಾಯಿ ಮಾಡುವವನ ಸುತ್ತಿಗೆ, ಒಬ್ಬ ಕುಶಲಕರ್ಮಿಯ ಉಪಕರಣ! ಆದ್ದರಿಂದ ಕೋವಿ ಮಾಡುವವನು ಪಾಪಿ, ಪೀಪಾಯಿ ಮಾಡುವವನು ಪುಣ್ಯವಂತ ಎಂದು ಸುಲಭವಾಗಿ ಹೇಳಿ ಕೈ ತೊಳೆದುಕೊಳ್ಳಲು ಬರುವುದಿಲ್ಲ. ಆದರೂ ಕೋವಿ ಮಾರುವವನ ಮುಂದೆ ಒಂದು ಪ್ರಶ್ನೆ ಇದ್ದೇ ಇರುತ್ತದೆ: ಇದನ್ನು ಯಾರ ಕೈಗೆ ಕೊಡುತ್ತಿದ್ದೇನೆ? ಹಣ ಎಣಿಸಿದ ಕೂಡಲೇ ಆ ಪ್ರಶ್ನೆ ಮುಗಿಯುವುದಿಲ್ಲ.

ಸಂತ ಥಾಮಸರ ಉತ್ತರ

ನ್ಯಾಯವಾದ ಬೆಲೆಯ ಬಗ್ಗೆ ನಮ್ಮ ಸಭೆಯಲ್ಲಿ ಬಹಳ ಹಿಂದೆಯೇ ಯೋಚಿಸಿದವರು ಸಂತ ಥಾಮಸ್ ಅಕ್ವಿನಾಸ್. ಹದಿಮೂರನೇ ಶತಮಾನದಲ್ಲಿ ಅವರು ಹೇಳಿದ್ದರ ಸಾರ ಹೀಗಿದೆ. ಒಂದು ವಸ್ತುವನ್ನು ಮೋಸದಿಂದ ಅದರ ಬೆಲೆಗಿಂತ ಹೆಚ್ಚಿಗೆ ಮಾರುವುದು ಪಾಪ. ಅದರ ಬೆಲೆಗಿಂತ ಕಡಿಮೆಗೆ ಕಿತ್ತುಕೊಳ್ಳುವುದೂ ಅಷ್ಟೇ ಅನ್ಯಾಯ. ಮಾರುವವನಿಗೆ ಆ ವಸ್ತುವನ್ನು ಬಿಟ್ಟುಕೊಡುವುದರಿಂದ ನಷ್ಟವಾಗುವುದಾದರೆ ಅದನ್ನು ಸೇರಿಸಿ ಕೇಳಬಹುದು. ಕೊಳ್ಳುವವನ ಕಷ್ಟ ದೊಡ್ಡದು ಎಂಬ ಒಂದೇ ಕಾರಣಕ್ಕೆ ಬೆಲೆ ಏರಿಸಬಾರದು. ಕಣ್ಣಿಗೆ ಕಾಣದ ದೋಷ ಇದ್ದರೆ ಮಾರುವವನೇ ಬಾಯಿಬಿಟ್ಟು ಹೇಳಬೇಕು. ನ್ಯಾಯವಾದ ಬೆಲೆ ದಾರದಲ್ಲಿ ಅಳೆದಂತೆ ನಿಖರವಾಗಿ ಇರುವುದಿಲ್ಲ, ಸ್ವಲ್ಪ ಹೆಚ್ಚು ಕಡಿಮೆ ಇರಬಹುದು ಎಂದೂ ಅವರೇ ಒಪ್ಪುತ್ತಾರೆ.

ಕೋವಿಯ ವಿಷಯದಲ್ಲಿ ಕಾಣದ ದೋಷ ಎಂದರೆ ಪ್ರಾಣದ ಪ್ರಶ್ನೆ. ನಳಿಗೆಯ ಬೆಸುಗೆ ಎಲ್ಲಾದರೂ ಬಿಟ್ಟಿದ್ದರೆ ಹಾರಿಸುವವನ ಮುಖದ ಬಳಿಯೇ ಒಡೆಯುತ್ತದೆ. ಅದಕ್ಕೇ ಮಾರುವ ಮೊದಲು ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ನಳಿಗೆಯನ್ನು ಪರೀಕ್ಷಿಸುತ್ತಿದ್ದರು. ಹತ್ತರಲ್ಲಿ ಒಂದು ನಳಿಗೆ ಒಡೆದರೆ ಆ ನಷ್ಟ ಉಳಿದ ಒಂಬತ್ತರ ಬೆಲೆಯಲ್ಲಿ ಸೇರಬೇಡವೇ? ಕಡಿಮೆ ಬೆಲೆಗೆ ಒತ್ತಾಯಿಸಿದರೆ ಮೊದಲು ಕಾಣೆಯಾಗುವುದು ಇಂಥ ಪರೀಕ್ಷೆಯೇ.

ಓರ್ಟರ್‌ನ ಕೋವಿ ಇಂದು

ಓರ್ಟರ್ 1777ರಲ್ಲಿ, ಮೂವತ್ತರ ಆಸುಪಾಸಿನಲ್ಲೇ ತೀರಿಕೊಂಡ. ಅವನು ತನ್ನ ಹೆಸರು ಕೆತ್ತಿ 1775ರಲ್ಲಿ ಮಾಡಿದ ಒಂದು ಕೋವಿ 1971ರಲ್ಲಿ ವ್ಯಾಲಿ ಫೋರ್ಜ್ ಉದ್ಯಾನದ ಪ್ರದರ್ಶನದಿಂದ ಕಳುವಾಯಿತು. ಸುಮಾರು ಅರ್ಧ ಶತಮಾನದ ನಂತರ, 2018ರಲ್ಲಿ, ಅದು ಮತ್ತೆ ಸಿಕ್ಕಿತು. ಆಗ ಅದರ ಬೆಲೆಯನ್ನು 1,75,000 ಡಾಲರ್ ಎಂದು ಅಂದಾಜು ಮಾಡಿದ್ದರು! ಓರ್ಟರ್‌ಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಕೆಲಸ ಮಾಡಿದವನು ಸತ್ತ ಮೇಲೆ ನಾವು ಕೊಡುವ ಗೌರವ ಅವನ ಮನೆಯ ಒಲೆ ಉರಿಸುವುದಿಲ್ಲ. ಕೊಡುವುದಿದ್ದರೆ ಅವನು ಬದುಕಿರುವಾಗ, ಕೆಲಸ ಮುಗಿದ ದಿನವೇ ಕೊಡಬೇಕು. ಕೂಲಿಯವನ ಕೂಲಿಯನ್ನು ಸಂಜೆಯೊಳಗೆ ಕೊಡಬೇಕೆಂದು ಧರ್ಮೋಪದೇಶಕಾಂಡ ಹೇಳುವುದೂ ಇದನ್ನೇ.

ನಮ್ಮ ಕಥೆಗೆ ಬರುತ್ತೇನೆ. ಮುಂದಿನ ಭಾನುವಾರದ ಯುವಜನರ ಸಭೆಯಲ್ಲಿ ಬಿಲ್ಲುಗಳನ್ನು ಎಲ್ಲರ ಮುಂದಿಟ್ಟೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೇಕ್ ಮಾರಿ ಉಳಿದಿದ್ದ ಹಣಕ್ಕೆ ನಾವೇ ಸ್ವಲ್ಪ ಸೇರಿಸಿ 5,000 ಒಟ್ಟು ಮಾಡಿದೆವು. ಮೂವರು ಅಂಕಲ್ ಮನೆಗೆ ಹೋದೆವು. "ಬೇಡ ಮಕ್ಕಳೇ, ದೇವರಿಗೆ ಮಾಡಿದ್ದು ಅಲ್ವಾ" ಎಂದರು. ನಾನು ಹೇಳಿದೆ, "ಅಂಕಲ್, ದೇವರಿಗೆ ಕೊಡಬೇಕಾದ್ದು ಇದ್ದರೆ ನೀವೇ ಕೊಡಿ. ನಿಮ್ಮ ಪರವಾಗಿ ನಾವು ಕೊಟ್ಟುಬಿಟ್ಟೆವು, ಅದು ತಪ್ಪು." ಅವರು ನಕ್ಕು ಹಣ ತೆಗೆದುಕೊಂಡರು. ಆಂಟಿ ಚಹಾ ಕೊಟ್ಟರು. ಹೊರಡುವಾಗ ಅಂಕಲ್ ಸ್ಟ್ಯಾಂಡಿನ ಒಂದು ಕಾಲು ಸ್ವಲ್ಪ ಅಲುಗಾಡುತ್ತದೆ, ಶನಿವಾರ ಬಂದು ಸರಿ ಮಾಡುತ್ತೇನೆ ಎಂದರು. ನಾವು ಯಾರೂ ಅದನ್ನು ಗಮನಿಸಿಯೇ ಇರಲಿಲ್ಲ. ಸಂತ ಥಾಮಸರು ಹೇಳಿದ್ದು ಇದನ್ನೇ ಅಲ್ಲವೇ: ಕಾಣದ ದೋಷವನ್ನು ಮಾಡಿದವನೇ ಬಾಯಿಬಿಟ್ಟು ಹೇಳಬೇಕು.

ಯುವಮಿತ್ರರೇ, ನಮ್ಮಲ್ಲಿ ಹೊಲಿಗೆ, ಕೇಕ್, ಮೇಣದಬತ್ತಿ, ಫೋಟೋ, ಗೋದಲಿ ಕೆಲಸ ಮಾಡುವವರು ಅನೇಕರಿದ್ದೀರಿ. ನಿಮ್ಮ ಸಾಮಾನಿನ ಬೆಲೆ, ನಿಮ್ಮ ಗಂಟೆಗಳು, ಹಾಳಾದ ಮಾಲು ಎಲ್ಲವನ್ನೂ ಬರೆದು ಬೆಲೆ ಹೇಳಿ. ನಾಚಿಕೆ ಬೇಡ. ಕೊಳ್ಳುವವರಾದರೆ, ಚೌಕಾಸಿ ಮಾಡುವ ಮೊದಲು "ಇದಕ್ಕೆ ಎಷ್ಟು ದಿನ ಹಿಡಿಯಿತು?" ಎಂದು ಒಮ್ಮೆ ಕೇಳಿ. ನಜರೇತಿನ ಬಡಗಿಯ ಮನೆಯಲ್ಲಿ ಬೆಳೆದವರು ನಮ್ಮ ಸ್ವಾಮಿ. ಸಂತ ಜೋಸೆಫರು ಮಾಡಿದ ನೊಗಕ್ಕೂ ಯಾರೋ ಚೌಕಾಸಿ ಮಾಡಿರಬಹುದು. ಮೇ 1ರಂದು ಕಾರ್ಮಿಕ ಸಂತ ಜೋಸೆಫರ ಹಬ್ಬದ ಬಲಿಪೂಜೆಯಲ್ಲಿ ನಮ್ಮ ಧರ್ಮಕೇಂದ್ರದ ಎಲ್ಲ ಕೈಕೆಲಸದವರನ್ನೂ ನೆನೆಯೋಣ. ಯಾರಿಗಾದರೂ ಕೊಡುವುದು ಬಾಕಿ ಇದ್ದರೆ, ಅದಕ್ಕೆ ಮೊದಲೇ ಕೊಟ್ಟು ಬರೋಣ.